ಅನಾಮಧೇಯರ ಹೆಬ್ಬೆರಳು

ಅರ್ಥಶಾಸ್ತ್ರ ಕಲಿಸುವವರಿಗೆ ವ್ಯವಹಾರ ಗೊತ್ತಿರುತ್ತದೆ ಎಂದು ಜನ ನಂಬಿದ್ದಾರೆ. ಈ ತಪ್ಪು ತಿಳಿವಳಿಕೆಯನ್ನು ಹಬ್ಬಿಸಿದವರು ಬಹುಶಃ ನಾವೇ. ನಾನು ಹುಮನಾಬಾದಿನ ಕಾಲೇಜಿನಲ್ಲಿ ಹಗಲೆಲ್ಲ ಬೇಡಿಕೆ, ಪೂರೈಕೆ, ಗ್ರಾಹಕನ ಸಮತೋಲನ ಎಂದು ಬೋರ್ಡು ತುಂಬ ಗೆರೆ ಎಳೆದು, ಸಂಜೆ ಬಸವಕಲ್ಯಾಣದಲ್ಲಿ ಬಸ್ಸಿಳಿದು, ಬದನೆಕಾಯಿ ಕೊಂಡು ಮನೆ ಸೇರುತ್ತೇನೆ. ನಮ್ಮ ಅತ್ತೆ ಗುರಮ್ಮನವರು ಚೀಲಕ್ಕೆ ಕೈಹಾಕಿ ಒಂದೊಂದೇ ಕಾಯಿಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. "ಸುನಂದಾ, ಇವು ನೀ ಆರಿಸಿದ್ದೇನು, ಮಾರಾಕಿ ಆರಿಸಿ ಕೊಟ್ಟಿದ್ದೇನು?" ಎನ್ನುತ್ತಾರೆ. "ನಾನೇ ಆರಿಸಿದ್ದರಿ ಅತ್ತಿ" ಎಂದು ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತೇನೆ. "ಅಕಿ ಆರಿಸಿದ್ರ ಛಲೋ ಇರ್ತಿದ್ವು" ಎಂದು ಅವರು ಹುಳುಕನ್ನು ಒಂದು ಕಡೆಗೆ ಎತ್ತಿಡುತ್ತಾರೆ. ಈ ಮನೆಗೆ ಬಂದು ಇಷ್ಟು ವರ್ಷವಾದರೂ ನಮ್ಮಿಬ್ಬರ ನಡುವಿನ ಆರ್ಥಿಕ ಸಂವಾದ ಇದಕ್ಕಿಂತ ಮುಂದೆ ಹೋಗಿಲ್ಲ.

ಇಂಥ ನನ್ನನ್ನು ಹುಡುಕಿಕೊಂಡು ಕಳೆದ ಬೇಸಿಗೆ ರಜೆಯಲ್ಲಿ ಡಾಕ್ಟರ್ ನಂದಿತಾ ಎಂಬವರು ಬಂದರು. ಮೈಸೂರು ಕಡೆಯವರು, ದೊಡ್ಡ ವಿಶ್ವವಿದ್ಯಾಲಯವೊಂದರಲ್ಲಿ ಪ್ರೊಫೆಸರು. ಮನುಷ್ಯ ದುಡ್ಡಿನ ವಿಷಯದಲ್ಲಿ ಹೇಗೆ ನಿರ್ಧಾರ ಮಾಡುತ್ತಾನೆ, ಯಾರೂ ನೋಡದಿದ್ದಾಗ ಎಷ್ಟರ ಮಟ್ಟಿಗೆ ಪ್ರಾಮಾಣಿಕನಾಗಿರುತ್ತಾನೆ ಎಂಬುದನ್ನು ಪ್ರಯೋಗಶಾಲೆಯಲ್ಲಿ ಕೂರಿಸಿ ಅಳೆಯುವುದು ಅವರ ಕೆಲಸ. ಇದುವರೆಗೆ ಊರೂರಿನ ವಿದ್ಯಾರ್ಥಿಗಳನ್ನೇ ಕೂರಿಸಿ ಅಳೆದಿದ್ದರಂತೆ. ಈಗ ಅವರಿಗೆ ಸಾಮಾನ್ಯ ಜನ ಬೇಕಾಗಿದ್ದರು. ಸಾಮಾನ್ಯ ಜನರನ್ನು ಒದಗಿಸಲು ನಾನೇ ತಕ್ಕವಳೆಂದು ನಮ್ಮ ಪ್ರಾಂಶುಪಾಲರಿಗೆ ಅನ್ನಿಸಿತು. ಯಾಕೆ ಅನ್ನಿಸಿತೆಂದು ನಾನು ಕೇಳಲಿಲ್ಲ. ಜನರನ್ನು ಕರೆತರುವುದು, ನಂದಿತಾ ಅವರ ಸೂಚನೆಗಳನ್ನು ಇಲ್ಲಿಯ ಮಾತಿನಲ್ಲಿ ತಿಳಿಸಿ ಹೇಳುವುದು, ಚೀಟಿಗಳನ್ನು ಅತ್ತಿತ್ತ ಒಯ್ಯುವುದು, ಇಷ್ಟು ನನ್ನ ಪಾಲಿಗೆ ಬಂತು.

ಜಾಗವೇನೋ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬು. ಅಲ್ಲಿಯ ಕಂಪ್ಯೂಟರುಗಳಲ್ಲಿ ಹೆಚ್ಚಿನವು ಬಹಳ ಕಾಲದಿಂದ ಹೊದ್ದು ಮಲಗಿರುವಂಥವು. ಅವನ್ನು ಎಬ್ಬಿಸುವ ಪ್ರಯತ್ನ ವಿಫಲವಾದ ಮೇಲೆ ನಂದಿತಾ ಅವರು ಕಾಗದ, ಪೆನ್ಸಿಲ್ಲುಗಳಿಂದಲೇ ಪ್ರಯೋಗ ನಡೆಸುವುದೆಂದು ತೀರ್ಮಾನಿಸಿದರು. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣಬಾರದಲ್ಲ, ಅದಕ್ಕೆ ಬಜಾರದಿಂದ ಬೆಡ್‌ಶೀಟುಗಳನ್ನು ತಂದು ಹಗ್ಗಕ್ಕೆ ಇಳಿಬಿಟ್ಟೆವು. ಒಂದರ ಮೇಲೆ ನವಿಲುಗಳಿದ್ದವು. ವಿಜ್ಞಾನಕ್ಕೆ ನವಿಲಿನಿಂದ ತೊಂದರೆಯಿಲ್ಲವೆಂದು ನಂದಿತಾ ಅವರೇ ಒಪ್ಪಿಗೆ ಕೊಟ್ಟರು.

ತೊಂದರೆ ಬಂದದ್ದು 'ಲ್ಯಾಬ್' ಎಂಬ ಶಬ್ದದಿಂದ. ನಾನು ಪರಿಚಯದವರಿಗೆಲ್ಲ ಫೋನು ಮಾಡಿ, "ಲ್ಯಾಬಿಗೆ ಬರ್ರಿ, ಜರಾ ಹೊತ್ತಿನ ಕೆಲಸ, ರೊಕ್ಕಾನೂ ಕೊಡ್ತಾರ" ಎಂದಿದ್ದೆ. ನಮ್ಮ ಕಡೆ ಲ್ಯಾಬ್ ಎಂದರೆ ಒಂದೇ ಅರ್ಥ, ಸೂಜಿ ಚುಚ್ಚಿ ರಕ್ತ ತೆಗೆಯುವ ಜಾಗ. ಹೀಗಾಗಿ ಮೋರಖಂಡಿಯಿಂದ, ದುಬಲಗುಂಡಿಯಿಂದ, ಬಸವಕಲ್ಯಾಣದಿಂದ ಬಂದವರಲ್ಲಿ ಹಲವರು ಬೆಳಗಿನಿಂದ ಏನೂ ತಿನ್ನದೆ, ಒಂದು ಗುಟುಕು ಚಹಾ ಸಹ ಕುಡಿಯದೆ ಬಂದಿದ್ದರು. ಅವರ ಸಾಲಿನಲ್ಲಿ ನಮ್ಮ ಅತ್ತೆಯೂ ಇದ್ದರು. ಕೊನೆಯ ಗಳಿಗೆಯಲ್ಲಿ ಒಬ್ಬಾಕೆ ಬರುವುದಿಲ್ಲವೆಂದಳು, ಆ ಜಾಗ ತುಂಬಲು ನಾನೇ ಇವರನ್ನು ಹೊರಡಿಸಿದ್ದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ, "ಸಕ್ಕರಿ ಸುದ್ದಾ ನೋಡ್ತಾರೇನು? ಥೈರಾಯ್ಡ್ ನೋಡ್ತಾರೇನು?" ಎಂದು ಕೇಳುತ್ತ ಬಂದರು. ನಾನು ಪ್ರಾಮಾಣಿಕತೆಯ ಪರೀಕ್ಷೆ ಎಂದೆ. "ಅದು ರಕ್ತದಾಗ ಗೊತ್ತಾಗತದೇನು?" ಎಂದರು.

ಮೊದಲ ಆಟ ದಾಳದ್ದು. ಒಂದು ಸ್ಟೀಲಿನ ಲೋಟದಲ್ಲಿ ದಾಳ ಹಾಕಿ ಅಲುಗಾಡಿಸಬೇಕು. ಬಿದ್ದ ಅಂಕಿಯನ್ನು ತಾನೊಬ್ಬನೇ ನೋಡಿ ಹೊರಗೆ ಬಂದು ಹೇಳಬೇಕು. ಹೇಳಿದ ಅಂಕಿಗೆ ತಕ್ಕಂತೆ ಹಣ. ಒಂದು ಬಿದ್ದರೂ ಆರು ಎಂದರೆ ಹಿಡಿಯುವವರಿಲ್ಲ. ಸುಳ್ಳು ಹೇಳಲು ಇಷ್ಟು ಅನುಕೂಲ ಮಾಡಿಕೊಟ್ಟರೆ ಮನುಷ್ಯ ಎಷ್ಟು ಬಳಸಿಕೊಳ್ಳುತ್ತಾನೆ ಎಂಬುದೇ ಶೋಧನೆ. ಆದರೆ ಸುಳ್ಳು ಹೇಳಲು ಸಹ ಏಕಾಂತ ಬೇಕು, ನಮ್ಮ ಜನಕ್ಕೆ ಏಕಾಂತದ ಅಭ್ಯಾಸವಿಲ್ಲ. ಒಬ್ಬಾಕೆ ಲೋಟವನ್ನು ಎತ್ತಿಕೊಂಡೇ ಹೊರಬಂದು, "ನೋಡ್ರಿ, ಐದು ಬಿದ್ದದ, ನೀವೆಲ್ಲಾ ಸಾಕ್ಷಿ" ಎಂದು ವರಾಂಡದಲ್ಲಿ ಕೂತವರಿಗೆಲ್ಲ ತೋರಿಸಿದಳು. ಇನ್ನೊಬ್ಬರು ಬಾಗಿಲಲ್ಲಿ ನಿಂತು ಮೆಲ್ಲಗೆ, "ಎಷ್ಟು ಅಂತ ಹೇಳಲ್ರಿ ಮೇಡಂ? ನಿಮಗ ಎಷ್ಟು ಅನುಕೂಲ?" ಎಂದು ಕೇಳಿದರು. ಮೋರಖಂಡಿಯ ಶಿವರಾಜ ಕಾಕಾ ಮೂರು ಎಂದು ಹೇಳಿ, ಹಣ ಎಣಿಸಿಕೊಂಡು, ಆಮೇಲೆ ನನ್ನನ್ನು ಕಂಬದ ಮರೆಗೆ ಕರೆದರು. "ಖರೆ ಹೇಳ್ಬೇಕಂದ್ರ ಆರು ಬಿದ್ದಿತ್ತವಾ. ಆರು ಅಂದ್ರ ಈ ಮುದುಕ ರೊಕ್ಕಕ್ಕ ಸುಳ್ಳು ಹೇಳಾಕತ್ತಾನ ಅಂತಾರ. ಅದಕ ಮೂರು ಅಂದೆ. ಇಜ್ಜತ್ ಉಳೀತು" ಎಂದರು. ಪ್ರಾಮಾಣಿಕನೆನ್ನಿಸಿಕೊಳ್ಳಲು ಸುಳ್ಳು ಹೇಳಿ, ಕೈಯಾರೆ ನಷ್ಟ ಮಾಡಿಕೊಂಡ ಈ ಮನುಷ್ಯನನ್ನು ಯಾವ ಖಾನೆಯಲ್ಲಿ ಹಾಕಬೇಕೆಂದು ನಂದಿತಾ ಅವರಿಗೆ ತಿಳಿಯಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಎರಡನೆಯ ಆಟ ಹಂಚಿಕೆಯದು. ಬೆಡ್‌ಶೀಟಿನ ಈಚೆ ಒಬ್ಬರು, ಆಚೆ ಒಬ್ಬರು. ಇಬ್ಬರ ನಡುವೆ ನಾನೂರು ರೂಪಾಯಿ. ಒಬ್ಬರು ಅದನ್ನು ಹೇಗೆ ಹಂಚಬೇಕೆಂದು ಚೀಟಿಯಲ್ಲಿ ಬರೆದು ಕಳಿಸಬೇಕು. ಇನ್ನೊಬ್ಬರು ಒಪ್ಪಿದರೆ ಹಾಗೆಯೇ ಹಂಚಿಕೆ, ಒಪ್ಪದಿದ್ದರೆ ಇಬ್ಬರಿಗೂ ಚೊಂಬು. ನಂದಿತಾ ಅವರು ಬರೆದುಕೊಂಡು ಬಂದ ಸೂಚನೆಯಲ್ಲಿ "ಅನಾಮಧೇಯ ಸಹಭಾಗಿಯೊಂದಿಗೆ ಮೊತ್ತವನ್ನು ಹಂಚಿಕೊಳ್ಳತಕ್ಕದ್ದು" ಎಂದಿತ್ತು. ಅದನ್ನು ಓದಿದೊಡನೆ ಹಿಂದಿನಿಂದ ಒಬ್ಬರು, "ಅನಾಮಧೇಯ ಅಂದ್ರ ಯಾವ ಊರವರ್ರಿ?" ಎಂದು ಕೇಳಿದರು. ಈ ಆಟದ ಮುಖ್ಯ ನಿಯಮವೇ ಅದು, ಇಬ್ಬರಿಗೂ ಪರಸ್ಪರ ಪರಿಚಯ ಇರಬಾರದು. ಪರಿಚಯವಿದ್ದರೆ ದುಡ್ಡಿನ ಲೆಕ್ಕದೊಳಗೆ ಹಳೆಯ ಲೆಕ್ಕಗಳೆಲ್ಲ ಬಂದು ಕೂತುಬಿಡುತ್ತವೆ. ಇದಕ್ಕೆ ನಾನೇ ಒಂದು ಉಪಾಯ ಹೇಳಿಕೊಟ್ಟಿದ್ದೆ. ಬಸವಕಲ್ಯಾಣದ ಕಡೆಯವರನ್ನೆಲ್ಲ ಈಚೆ, ದುಬಲಗುಂಡಿಯವರನ್ನೆಲ್ಲ ಆಚೆ ಕೂರಿಸೋಣ, ಬೇರೆ ಬೇರೆ ತಾಲೂಕು, ಒಬ್ಬರಿಗೊಬ್ಬರು ಗೊತ್ತಿರುವ ಸಂಭವವೇ ಇಲ್ಲ ಎಂದು ಭರವಸೆ ಕೊಟ್ಟಿದ್ದೆ. ನಂದಿತಾ ಅವರು ನನ್ನ ಬುದ್ಧಿಯನ್ನು ಮೆಚ್ಚಿಕೊಂಡಿದ್ದರು. ನಾನೂ ಮೆಚ್ಚಿಕೊಂಡಿದ್ದೆ.

ಚೀಟಿ ಎತ್ತಿ ಜೋಡಿ ಮಾಡಿದಾಗ ಅತ್ತೆಯ ಎದುರಿಗೆ ಬಂದ ಹೆಸರನ್ನು ನಾನು ಎರಡು ಸಲ ಓದಿದೆ. ದುಬಲಗುಂಡಿಯ ಕಸ್ತೂರಬಾಯಿ. ನನ್ನ ಗಂಡನಿಗೆ ಮಾವಶಿ, ಅಂದರೆ ನಮ್ಮ ಅತ್ತೆಯ ಒಡಹುಟ್ಟಿದ ತಂಗಿ. ದಾಳದ ಆಟ ಮುಗಿಯುವ ಹೊತ್ತಿಗೆ ನೆರೆಯ ಹೆಂಗಸರೊಡನೆ ಬಸ್ಸಿಳಿದು ಬಂದು, ನನ್ನ ಕಣ್ಣಿಗೆ ಬೀಳದೆ ಆಚೆಯ ಕುರ್ಚಿಯಲ್ಲಿ ಕೂತುಬಿಟ್ಟಿದ್ದರು. ಅಕ್ಕತಂಗಿಯರು ಮಾತು ಬಿಟ್ಟು ವರ್ಷಗಳೇ ಕಳೆದಿದ್ದವು.

ಕಾರಣವಾದದ್ದು ಒಂದು ಪಿಸ್ತಾ ಬಣ್ಣದ ಸೀರೆ. ನಮ್ಮಲ್ಲಿ ಮದುವೆ ಮುಂಜಿಗಳಲ್ಲಿ ಆಯೇರಿ ಎಂದು ಕೊಡುವ ಸೀರೆಗಳನ್ನು ಯಾರೂ ಉಡುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಅವು ಒಂದು ಟ್ರಂಕಿನಿಂದ ಇನ್ನೊಂದು ಟ್ರಂಕಿಗೆ ಹೋಗುತ್ತಿರುತ್ತವೆ. ಚಲಾವಣೆಯಲ್ಲಿರುವ ನೋಟಿನಂತೆ ಎಂದು ನಾನು ಕ್ಲಾಸಿನಲ್ಲಿ ಉದಾಹರಣೆ ಸಹ ಕೊಡುತ್ತೇನೆ. ಕಸ್ತೂರಬಾಯಿಯ ಮಗಳು ಸವಿತಾಳ ನಿಶ್ಚಿತಾರ್ಥದಲ್ಲಿ ನಮ್ಮ ಅತ್ತೆ ಒಂದು ಸೀರೆ ಕೊಟ್ಟರು. ಕಸ್ತೂರಬಾಯಿ ಅದರ ಮಡಿಕೆ ಬಿಚ್ಚಿ ನೋಡಿದರೆ ಒಳಗೆ ಅರಿಶಿನದ ಕಲೆ. ಆ ಕಲೆ ಮಾಡಿದವರೇ ಅವರು. ಹಿಂದೊಮ್ಮೆ ಅದೇ ಸೀರೆಯನ್ನು ನಮ್ಮ ಅತ್ತೆಗೆ ಕೊಡುವಾಗ ಅವರ ಕೈಯಿಂದ ಆದದ್ದು. ಬೀಗರೆಲ್ಲ ಕೂತಿದ್ದಾಗ ಅವರು ಕಲೆಯನ್ನು ಎತ್ತಿ ತೋರಿಸಿದರು. ನಮ್ಮ ಅತ್ತೆ ಆಗ ಸುಮ್ಮನಿದ್ದರೆ ಸಾಕಿತ್ತು. "ಯಾರೋ ಕೊಟ್ಟಿದ್ದು ಅಂತ ಗೊತ್ತಿತ್ತು, ನೀನಾ ಕೊಟ್ಟಿದ್ದು ಅಂತ ಗೊತ್ತಿರಲಿಲ್ಲ" ಎಂದು ನಿಜವನ್ನೇ ಹೇಳಿಬಿಟ್ಟರು. ಅಲ್ಲಿಗೆ ಸಂಬಂಧ ಮುಗಿಯಿತು.

ಜೋಡಿಯ ಹೆಸರು ನೋಡಿದ ಕ್ಷಣವೇ ನಾನು ನಂದಿತಾ ಅವರ ಹತ್ತಿರ ಹೋಗಿ ವಿಷಯ ಹೇಳಬೇಕಿತ್ತು. ಹೋಗಿಯೂ ಹೋದೆ. ಅಷ್ಟರಲ್ಲಿ ಅವರು, "ಸುನಂದಾ ಅವರೇ, ನಿಮ್ಮ ಉಪಾಯದಿಂದ ಎಷ್ಟು ಸಲೀಸಾಯ್ತು ನೋಡಿ" ಎಂದು ನಕ್ಕರು. ನಾನೂ ನಕ್ಕೆ. ಪರದೆ ಇದೆಯಲ್ಲ, ಮುಖ ಕಾಣುವುದಿಲ್ಲ, ಒಂದು ಗಳಿಗೆಯಲ್ಲಿ ಮುಗಿಯುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಆದರೆ ಬೆಡ್‌ಶೀಟು ನೆಲ ಮುಟ್ಟುತ್ತಿರಲಿಲ್ಲ. ಅದರ ಕೆಳಗಿನಿಂದ ಆಚೆಯ ಕಾಲುಗಳು ಕಾಣುತ್ತಿದ್ದವು. ಕಸ್ತೂರಬಾಯಿಯ ಬಲಗಾಲಿನ ಹೆಬ್ಬೆರಳು ಸೊಟ್ಟ. ಚಿಕ್ಕಂದಿನಲ್ಲಿ ಅದರ ಮೇಲೆ ಒಳಕಲ್ಲಿನ ಗುಂಡು ಬಿದ್ದಿತ್ತು, ಬೀಳಿಸಿದವರು ನಮ್ಮ ಅತ್ತೆ. ಅತ್ತೆ ಆ ಬೆರಳನ್ನು ಒಂದು ಸಲ ನೋಡಿದರು, ಆಮೇಲೆ ಕತ್ತು ಬಗ್ಗಿಸಿ ಇನ್ನೊಂದು ಸಲ ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ನವಿಲನ್ನು ನೋಡಿದೆ. ಮಾತಾಡುವಂತಿಲ್ಲ ಎಂಬ ನಿಯಮವನ್ನು ಆಗಲೇ ಮೂರು ಭಾಷೆಯಲ್ಲಿ ಹೇಳಿಯಾಗಿತ್ತು. ಅತ್ತೆ ಕೆಮ್ಮಿ, ಕಟ್ಟಡಕ್ಕೆಲ್ಲ ಕೇಳುವ ಹಾಗೆ, "ಸುನಂದಾ, ಮುಂಜಾನಿಂದ ಉಪಾಸ ಇದ್ದೀನಿ. ರಕ್ತ ಯಾವಾಗ ತಗೋತೀರಿ?" ಎಂದರು. ಪರದೆಯಾಚೆ ಆ ಸೊಟ್ಟ ಹೆಬ್ಬೆರಳು ಚಟ್ಟನೆ ಕುರ್ಚಿಯ ಕೆಳಗೆ ಸರಿಯಿತು.

ಮೊದಲು ಹಂಚುವ ಸರದಿ ಕಸ್ತೂರಬಾಯಿಯದು. ಅವರು ಬಹಳ ಹೊತ್ತು ಪೆನ್ಸಿಲು ಕಚ್ಚಿಕೊಂಡು ಕೂತು, ಚೀಟಿಯನ್ನು ನನ್ನ ಕೈಗೆ ಕೊಟ್ಟರು. ನಾನೂರಕ್ಕೆ ನಾನೂರೂ ಆಚೆಯವರಿಗೆ, ತನಗೆ ಸೊನ್ನೆ. ಅತ್ತೆ ಅದನ್ನು ನೋಡಿ, ತುಟಿ ಬಿಗಿದು, "ಒಪ್ಪಿಗೆ ಇಲ್ಲ" ಎಂಬಲ್ಲಿ ಪೆನ್ಸಿಲಿನ ಮೊನೆ ಮುರಿಯುವಂತೆ ಗುರುತು ಹಾಕಿದರು. ಎರಡನೆಯ ಸರದಿ ಅತ್ತೆಯದು. ಅವರು ಯೋಚಿಸಲೇ ಇಲ್ಲ, ನಾನೂರಕ್ಕೆ ನಾನೂರು ಬರೆದು ಕಳಿಸಿದರು. ಅತ್ತಲಿಂದ "ಒಪ್ಪಿಗೆ ಇಲ್ಲ" ಎಂದು ಬಂತು.

ನಂದಿತಾ ಅವರು ಎರಡೂ ಚೀಟಿಗಳನ್ನು ಅಂಗೈಯಲ್ಲಿಟ್ಟುಕೊಂಡು ನನ್ನನ್ನು ಕಿಟಕಿಯ ಹತ್ತಿರ ಕರೆದರು. ಅವರ ಕಣ್ಣು ಹೊಳೆಯುತ್ತಿತ್ತು. "ಕಡಿಮೆ ಕೊಟ್ಟರೆ ಜನ ಬೇಡ ಅಂತಾರೆ, ಅದು ಗೊತ್ತಿರೋದೇ. ಎಲ್ಲಾ ಕೊಟ್ಟರೂ ಬೇಡ ಅಂದೋರನ್ನ ನಾನು ನೋಡೇ ಇಲ್ಲ. ಅದೂ ಅಪರಿಚಿತರು! ಇದರ ಮೇಲೇ ಒಂದು ಪ್ರಬಂಧ ಬರೀಬಹುದು ಸುನಂದಾ ಅವರೇ. ಇಬ್ಬರೂ ಸೇರಿ ಬರೆಯೋಣ, ನಿಮ್ಮ ಹೆಸರೂ ಇರುತ್ತೆ" ಎಂದರು.

ಓದುಗರೇ, ನನ್ನ ಹೆಸರು ಇದುವರೆಗೆ ಅಚ್ಚಾಗಿರುವುದು ನನ್ನ ಮದುವೆಯ ಕರೆಯೋಲೆಯಲ್ಲಿ ಮಾತ್ರ, ಅದರಲ್ಲೂ ಒಂದು ಅಕ್ಷರ ತಪ್ಪಿತ್ತು. ಪ್ರಬಂಧ, ಅದರ ಕೆಳಗೆ ನನ್ನ ಹೆಸರು, ಅದನ್ನು ನೋಡುವ ಸಹೋದ್ಯೋಗಿಗಳ ಮುಖ, ಬಡ್ತಿಯ ಸಂದರ್ಶನದಲ್ಲಿ ಎದುರಿಗೆ ಕೂತವರ ಮುಖ, ಎಲ್ಲವೂ ಒಂದರ ಹಿಂದೊಂದು ಕಣ್ಣ ಮುಂದೆ ಬಂದವು. ಅವರು ಅಕ್ಕತಂಗಿಯರು ಎಂದು ಹೇಳಲು ಬಾಯಿ ತೆರೆದೆ. "ಹೌದು ಮೇಡಂ, ನಮ್ಮದು ದಾಸೋಹದ ನಾಡು. ಇಲ್ಲಿಯ ಜನ ಗುರುತಿಲ್ಲದವರಿಗೂ ಎಲ್ಲಾ ಕೊಟ್ಟುಬಿಡುತ್ತಾರೆ, ಪುಕ್ಕಟೆ ಬಂದದ್ದನ್ನು ಮುಟ್ಟುವುದಿಲ್ಲ" ಎಂಬ ಮಾತು ಬಂತು. ನನ್ನ ಬಾಯಿಯಿಂದ ಇಷ್ಟು ಸೊಗಸಾದ ವಾಕ್ಯ ಅದಕ್ಕೂ ಮೊದಲು ಬಂದಿರಲಿಲ್ಲ. ನಂದಿತಾ ಅವರು ಅದನ್ನು ಹಾಗೆಯೇ ಬರೆದುಕೊಂಡರು. "ಇನ್ನೊಂದೇ ಒಂದು ಸುತ್ತು ಆಡಿಸಿಬಿಡಿ, ಖಾತ್ರಿಯಾಗಲಿ" ಎಂದರು.

ಮೂರನೆಯ ಸುತ್ತಿನಲ್ಲಿ ಮತ್ತೆ ಕಸ್ತೂರಬಾಯಿಯಿಂದ ನಾನೂರು ಬಂತು. ಚೀಟಿ ಬಿಚ್ಚಿದ ಅತ್ತೆ ಗುರುತು ಹಾಕಲಿಲ್ಲ. ಎದ್ದು ನಿಂತರು.

"ಏ ಕಸ್ತೂರಿ! ಎಷ್ಟು ಸಲ ಕಳಸ್ತಿ? ನನಗ ಭಿಕ್ಷಾ ಹಾಕಾಕತ್ತೀ ಏನು?"

"ಭಿಕ್ಷಾ ಯಾಕ ಹಾಕ್ಲಿ?" ಪರದೆಯಾಚೆಯಿಂದ ಅಷ್ಟೇ ಎತ್ತರದ ದನಿ ಬಂತು. "ಕೊಟ್ಟಿದ್ದು ಹೊಳ್ಳಿ ಕೊಡೋದು ನಿನ್ನ ರೂಢಿ ಅಲ್ಲೇನು? ಅದಕ ಕೊಟ್ಟೆ. ಹೊಳ್ಳಿ ಬಂತು, ನೋಡು!"

"ಆ ಸೀರಿ ಮಾತು ಇನ್ನಾ ಬಿಟ್ಟಿಲ್ಲೇನು?"

"ಸೀರಿ ಹೋಗ್ಲಿ, ಸುಟ್ಟು ಬರ್ಲಿ. ಮಂದಿ ಮುಂದ ನಾ ಸಿಟ್ಟಿಗೆದ್ದೆ ಖರೆ. ನೀ ಒಮ್ಮಿ ಬಂದು ಬೈದು ಹೋಗ್ಬೇಕಿಲ್ಲ? ಅಕ್ಕ ಅಲ್ಲೇನು ನೀ? ಸವಿತಾ ಬಾಣಂತನಕ್ಕ ಮನೀಗಿ ಬಂದಾಳ. ಹೆಣ್ಣು ಕೂಸು. ಅದಕ್ಕ ದೊಡ್ಡ ಆಯಿ ಒಬ್ಬಾಕಿ ಇದ್ದಾಳಂತ ಯಾರು ಹೇಳ್ಬೇಕು?"

ಉಳಿದ ಜೋಡಿಗಳೆಲ್ಲ ತಂತಮ್ಮ ಪರದೆ ಸರಿಸಿ ನೋಡುತ್ತಿದ್ದವು. ಅತ್ತೆಯ ದನಿ ಒಮ್ಮೆಲೇ ಇಳಿಯಿತು.

"ಗೊತ್ತದ. ಕೂಸಿಗಿ ಕುಂಚಿಗಿ ಹೊಲದು ಇಟ್ಟೀನಿ. ಕೆಂಪು ಖಣದ್ದು. ಹ್ಯಾಂಗ ಕಳಸ್ಬೇಕು ಗೊತ್ತಾಗ್ಲಿಲ್ಲ. ಅದನ್ನೂ ಬಿಚ್ಚಿ ಕಲಿ ಹುಡುಕ್ತಿ ಅಂತ ಅಂಜಿಕಿ ಬಂತು."

ಆ ಕುಂಚಿಗೆಯನ್ನು ನಾನು ನೋಡಿದ್ದೆ. ಕೂಸಿನ ತಲೆಯಿಂದ ಬೆನ್ನು ಮುಚ್ಚುವಷ್ಟು ಪುಟ್ಟ ಬಟ್ಟೆ, ಅಂಚಿಗೆ ಗೆಜ್ಜೆಯಂಥ ಗೊಂಡೆ. ಮಧ್ಯಾಹ್ನ ಕಿಟಕಿಯ ಬೆಳಕಿನಲ್ಲಿ ಕೂತು ಹೊಲಿಯುತ್ತಿದ್ದಾಗ ಯಾರಿಗೆಂದು ಕೇಳಿದ್ದಕ್ಕೆ, ಪಕ್ಕದ ಮನೆಯವರು ಹೊಲಿದುಕೊಡಲು ಹೇಳಿದ್ದಾರೆ ಎಂದಿದ್ದರು. ಪಕ್ಕದ ಮನೆಯಲ್ಲಿ ಕೂಸೇ ಇಲ್ಲವೆಂಬುದು ನನಗೆ ಹೊಳೆದಿರಲಿಲ್ಲ.

ಪರದೆಯಾಚೆ ಮೂಗು ಸೇದಿದ ಸದ್ದು ಕೇಳಿಸಿತು. ಆಮೇಲೆ ನವಿಲುಗಳು ಒಟ್ಟಿಗೆ ನೆಲಕ್ಕೆ ಬಿದ್ದವು. ಹಗ್ಗ ಎಳೆದವರು ಯಾರೆಂದು ಇಂದಿಗೂ ಇಬ್ಬರೂ ಒಪ್ಪಿಕೊಂಡಿಲ್ಲ. ಅಕ್ಕತಂಗಿಯರು ಬೆಡ್‌ಶೀಟಿನ ಮೇಲೆಯೇ ನಿಂತು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಅತ್ತರು. "ಎಷ್ಟು ಸೊರಗಿದಿ", "ನೀ ಏನು ಕಡಿಮಿ ಸೊರಗಿಲ್ಲ ಬಿಡು" ಎಂದು ಅದರಲ್ಲೂ ಪೈಪೋಟಿ ನಡೆಸಿದರು. ನೋಡುತ್ತಿದ್ದ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನ್ನ ಕಣ್ಣು ನಂದಿತಾ ಅವರ ಮೇಲಿತ್ತು. ಅವರು ಚೀಟಿಗಳನ್ನು ಹಿಡಿದುಕೊಂಡು ಹಾಗೆಯೇ ನಿಂತಿದ್ದರು.

ಅತ್ತೆ ಕಣ್ಣೊರೆಸಿಕೊಂಡು ಅವರ ಹತ್ತಿರ ಹೋದರು. "ಬಾಯಾರ, ಇಕಿ ನನ್ನ ತಂಗಿರಿ. ನಮ್ಮ ಸೊಸಿಗಿ ಎಲ್ಲಾ ಗೊತ್ತದ" ಎಂದು ಪರಿಚಯ ಮಾಡಿಸಿದರು. ನಂದಿತಾ ಅವರು ನಿಧಾನವಾಗಿ ನನ್ನ ಕಡೆ ತಿರುಗಿದರು.

"ಹೇಳೋಳಿದ್ದೆ ಮೇಡಂ" ಎಂದೆ.

"ಯಾವಾಗ?" ಎಂದರು. ಕೋಪವಿರಲಿಲ್ಲ. ಬಹುಶಃ ದಾಳದ ಅಂಕಿಯ ಬಗ್ಗೆ ಜನ ಹೇಳುವ ಸುಳ್ಳು ಕೇಳಿ ಕೇಳಿ ಅಭ್ಯಾಸವಾದ ದನಿ ಅದು. ದಾಸೋಹದ ನಾಡಿನ ಬಗ್ಗೆ ಬರೆದುಕೊಂಡ ಹಾಳೆಯನ್ನು ಅವರು ಪುಸ್ತಕದಿಂದ ಹರಿದು ತೆಗೆದು, ಮಡಚಿ ಪರ್ಸಿನಲ್ಲಿಟ್ಟುಕೊಂಡರು. ಅದು ಯಾಕೆ ಬೇಕಾಯಿತೋ! ಅಕ್ಕತಂಗಿಯರ ಚೀಟಿಗಳನ್ನು ಬೇರೆ ತೆಗೆದಿಟ್ಟರು, ಆದರೂ ನಾನೂರು ರೂಪಾಯಿಯನ್ನು ಅವರಿಬ್ಬರ ಮುಂದೆ ಹಿಡಿದರು. "ಅಕಿಗಿ ಕೊಡ್ರಿ", "ಬ್ಯಾಡ, ಅಕಿಗೇ ಕೊಡ್ರಿ" ಎಂದು ಮತ್ತೆ ಶುರುವಾಯಿತು. ಕಡೆಗೆ ಆ ಹಣದಲ್ಲಿ ಜಿಲೇಬಿ ಕಟ್ಟಿಸಿಕೊಂಡು ಇಬ್ಬರೂ ದುಬಲಗುಂಡಿಯ ಬಸ್ಸು ಹತ್ತಿದರು. ಕುಂಚಿಗೆಯನ್ನು ಮರುದಿನ ಮಗನ ಕೈಲಿ ತರಿಸಿಕೊಳ್ಳುವುದಾಗಿ ಅತ್ತೆ ಬಸ್ಸಿನ ಕಿಟಕಿಯಿಂದ ಕೂಗಿ ಹೇಳಿದರು. ರಕ್ತ ಯಾರೂ ತೆಗೆಯಲಿಲ್ಲವೆಂಬ ಬೇಸರವನ್ನು ಅತ್ತೆ ಮರೆತಂತಿತ್ತು.

ಹೊರಡುವಾಗ ನಂದಿತಾ ಅವರು ನನ್ನ ಕೈ ಕುಲುಕಿದರು. "ಮಳೆಗಾಲ ಕಳೆದ ಮೇಲೆ ಮತ್ತೆ ಬರ್ತೀನಿ. ಆಗ ನೀವು ವ್ಯವಸ್ಥೆಗೆಲ್ಲ ತೊಂದರೆ ತಗೋಬೇಡಿ ಸುನಂದಾ ಅವರೇ. ಆಟ ಆಡೋಕೆ ಬನ್ನಿ. ನಿಮ್ಮಂಥೋರೇ ನಮಗೆ ಬೇಕಾಗಿರೋದು" ಎಂದರು. ಸಂಶೋಧಕಿಯಾಗಿ ಬೆಳಿಗ್ಗೆ ಮನೆ ಬಿಟ್ಟವಳು ಸಂಜೆಯ ಹೊತ್ತಿಗೆ ಸಾಮಾನ್ಯ ಜನರ ಸಾಲಿಗೆ ಸೇರಿದ್ದೆ.

ಬಸ್ಸಿನಲ್ಲಿ ಒಬ್ಬಳೇ ಬಂದೆ. ಹಾರ್ಡ್‌ವೇರ್ ಅಂಗಡಿ ಬೇಗ ಮುಚ್ಚಿ ಬಂದಿದ್ದ ನನ್ನ ಗಂಡ ಬಾಗಿಲಲ್ಲೇ, "ಅವ್ವ ಎಲ್ಲಿ?" ಎಂದರು. ದುಬಲಗುಂಡಿಗೆ, ಮಾವಶಿಯ ಮನೆಗೆ, ಎಂದೆ. ಅವರು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟರು. ಈ ಇಬ್ಬರನ್ನು ಒಂದುಗೂಡಿಸಲು ಅವರು ಹಿರಿಯರನ್ನು ಕಳಿಸಿ ನೋಡಿದ್ದರು, ತಾವೇ ಹೋಗಿ ಕೈಮುಗಿದು ಬಂದಿದ್ದರು, ಕಡೆಗೆ ಕೈಬಿಟ್ಟಿದ್ದರು. ನಾನು ನಡೆದದ್ದನ್ನು ಹೇಳತೊಡಗಿದೆ. ಕಿಟಕಿಯ ಬಳಿ ನಡೆದ ಮಾತಿನ ತನಕ ಬಂದು, ಅದನ್ನು ದಾಟಿ, ಕುಂಚಿಗೆಗೆ ಹೋದೆ. ಕೇಳುತ್ತ ಕೇಳುತ್ತ ಅವರ ಕಣ್ಣು ತುಂಬಿ ಬಂತು.

"ಅಂದ್ರ ನೀ ಮುದ್ದಾಂ ಮಾಡಿದಿ? ಇಬ್ಬರನ್ನೂ ಕೂಡಿಸ್ಬೇಕಂತಾನೇ ಎದುರಾಬದುರಾ ಕೂಡಿಸಿದಿ?"

"ಮತ್ತೇನ್ರೀ, ಸುಮ್ಮನ ಆಗತದೇನು?" ಎಂದೆ.

ಅವರು ನನ್ನನ್ನು ನೋಡಿದ ನೋಟದಲ್ಲಿ, ಅರ್ಥಶಾಸ್ತ್ರದ ಎಂ.ಎ. ಕೊನೆಗೂ ಒಂದು ಕೆಲಸಕ್ಕೆ ಬಂತು ಎಂಬ ಸಂತೋಷವಿತ್ತು. ನೀ ಏಳಬ್ಯಾಡ, ದಣಿದೀ, ಎಂದು ತಾವೇ ಒಳಗೆ ಹೋದರು. ಡಬ್ಬಿಗಳನ್ನು ತೆಗೆದು ಹಾಕುವ ಸದ್ದು ಬಹಳ ಹೊತ್ತು ಕೇಳಿಸಿತು. ನಮ್ಮ ಮದುವೆಯಾದ ಮೇಲೆ ಅವರು ಮಾಡಿದ ಮೊದಲ ಚಹಾವನ್ನು ಬಸಿಯ ಮೇಲಿಟ್ಟುಕೊಂಡು ಬಂದು ನನ್ನ ಕೈಗೆ ಕೊಟ್ಟು, ಎದುರಿಗೆ ಕೂತು, ನಾನು ಒಂದು ಗುಟುಕು ನುಂಗುವ ತನಕ ಕಾದರು.

"ಹ್ಯಾಂಗ ಆಗೇದ?"

ಸಕ್ಕರೆಯ ಡಬ್ಬಿ ಬಿಟ್ಟು ಉಪ್ಪಿನ ಡಬ್ಬಿ ತೆಗೆದಿದ್ದರು.

"ಬರೋಬ್ಬರಿ ಆಗೇದ್ರಿ" ಎಂದು ಹೇಳಿ ಪೂರ್ತಿ ಕುಡಿದೆ.